ಜೆಟ್‌ನ ಹದಿನಾರನೇ ಒಂದು ಪಾಲು: ಹಿಂಜರಿತದಲ್ಲಿ ಕಂಪನಿಗಳು ಕೊಳ್ಳಬಹುದೇ?

2008ರ ನವೆಂಬರ್‌ನಲ್ಲಿ ಡೆಟ್ರಾಯಿಟ್‌ನ ಮೂರು ಕಾರು ಕಂಪನಿಗಳ ಮುಖ್ಯಸ್ಥರು ಸರ್ಕಾರದ ನೆರವು ಬೇಡಲು ಕಂಪನಿ ಜೆಟ್‌ಗಳಲ್ಲೇ ವಾಷಿಂಗ್ಟನ್‌ಗೆ ಹೋಗಿ ಉಗಿಸಿಕೊಂಡರು. ಅಲ್ಲಿಂದಾಚೆ ಅಮೆರಿಕದಲ್ಲಿ ಜೆಟ್ ಮಾರುವವರ ಧಾಟಿಯೇ ಬದಲಾಯಿತು. 2009ರ ಫೆಬ್ರವರಿಯಲ್ಲಿ ವಿಮಾನ ತಯಾರಕರೂ ಬಳಕೆದಾರರ ಸಂಘವೂ ಕೂಡಿ 'ನೋ ಪ್ಲೇನ್ ನೋ ಗೇನ್' ಪ್ರಚಾರ ಶುರುಮಾಡಿ, ಜೆಟ್ ಎಂದರೆ ಸಮಯ ಉಳಿಸುವ ಸಾಧನ ಎಂದು ಸಾರಿದರು. ಇಂಥ ಕಾಲದಲ್ಲಿ ಕಂಪನಿಗಳಿಗೆ ಸುಲಭವಾಗಿ ಒಪ್ಪಿಗೆಯಾಗುವ ಸರಕೆಂದರೆ ಜೆಟ್‌ನ ಒಂದು ಪಾಲು. ಇಡೀ ವಿಮಾನ ಬೇಡ, 1/16 ಸಾಕು ಎನ್ನುವ ಈ ಪದ್ಧತಿಯನ್ನು ಅಮೆರಿಕದ ನೆಟ್‌ಜೆಟ್ಸ್ ಕಂಪನಿ 1986ರಲ್ಲಿ ಆರಂಭಿಸಿತು.

ಸೇವೆಯ ಮಟ್ಟಿಗೆ ದೂರುವಂಥದ್ದು ಕಡಿಮೆ. ಪೈಲಟ್, ರಿಪೇರಿ, ಹ್ಯಾಂಗರ್ ಎಲ್ಲವೂ ಪಾಲು ಮಾರಿ ವಿಮಾನ ನಡೆಸುವ ನಿರ್ವಾಹಕರ ತಲೆನೋವು. ನಿಮ್ಮ ಪಾಲಿನ ವಿಮಾನ ಬೇರೆಲ್ಲೋ ಇದ್ದರೆ ಅದೇ ದರ್ಜೆಯ ಇನ್ನೊಂದು ಬರುತ್ತದೆ.

ಎಡವಟ್ಟಾಗುವುದು ಗಂಟೆಗಳ ಲೆಕ್ಕದಲ್ಲಿ. 1/16 ಪಾಲಿಗೆ ವರ್ಷಕ್ಕೆ 50 ಗಂಟೆ. ಆದರೆ ಎಷ್ಟೋ ಒಪ್ಪಂದಗಳಲ್ಲಿ ಪ್ರತಿ ಹಾರಾಟಕ್ಕೂ ನೆಲದ ಮೇಲಿನ ಓಡಾಟವೆಂದು 12 ನಿಮಿಷ ಸೇರುತ್ತದೆ. ಒಂದು ಗಂಟೆಯ ಹಾರಾಟ 1.2 ಗಂಟೆಯಾಗಿ, 50 ಗಂಟೆಗೆ ಸಿಗುವುದು 41 ಹಾರಾಟ ಮಾತ್ರ. ಎಂಟು ಗಂಟೆಗೂ ಹೆಚ್ಚು ನೆಲದಲ್ಲೇ ಕಳೆದುಹೋಯಿತು. ಮೂರು ಗಂಟೆಯ ಹಾರಾಟಗಳಾದರೆ ಈ ನಷ್ಟ ಸುಮಾರು ಮೂರೇ ಗಂಟೆ. ಹಾಗಾಗಿ ಸಣ್ಣ ದೂರದ ಓಡಾಟವೇ ಹೆಚ್ಚಿರುವ ಕಂಪನಿಗೆ ಇದನ್ನು ಶಿಫಾರಸು ಮಾಡಲಾರೆವು. ಗಂಟೆಯ ದರದ ಜೊತೆ ತಿಂಗಳ ನಿರ್ವಹಣಾ ಶುಲ್ಕವೂ ಇಂಧನ ಸರ್‌ಚಾರ್ಜೂ ಇರುತ್ತವೆ. ಹಿಂಜರಿತದಲ್ಲಿ ಹಾರಾಟ ನಿಲ್ಲಿಸಿದರೂ ತಿಂಗಳ ಶುಲ್ಕ ಮಾತ್ರ ನಿಲ್ಲುವುದಿಲ್ಲ. ಮಾರಾಟಗಾರರು ತೋರಿಸುವ ಹೋಲಿಕೆಯ ಪಟ್ಟಿಯಲ್ಲಿ ಈ ಸಾಲನ್ನು ಮೊದಲು ಹುಡುಕಿ.

ಅದಕ್ಕಿಂತ ಮುಖ್ಯವಾದದ್ದು ಮರುಖರೀದಿಯ ಷರತ್ತು. ಅವಧಿ ಮುಗಿದಾಗ ನಿರ್ವಾಹಕರು ಪಾಲನ್ನು ಅಂದಿನ ಮಾರುಕಟ್ಟೆ ಬೆಲೆಗೆ, ತಮ್ಮ ಶುಲ್ಕ ಮುರಿದುಕೊಂಡು, ವಾಪಸ್ ಪಡೆಯುತ್ತಾರೆ. ಆ ಬೆಲೆ ಕಟ್ಟುವವರು ಯಾರು? ನಿರ್ವಾಹಕರೇ ಎಂದಿದ್ದರೆ ಸಹಿ ಹಾಕಬೇಡಿ. ಸ್ವತಂತ್ರ ಮೌಲ್ಯಮಾಪಕರಿಗೆ ಅವಕಾಶ ಬರೆಸಿಕೊಳ್ಳಿ. 2009ರಲ್ಲಿ ಹಳೆಯ ಜೆಟ್‌ಗಳ ಬೆಲೆ ಕುಸಿದಾಗ ನೆಟ್‌ಜೆಟ್ಸ್‌ಗೇ ತೆರಿಗೆಗೆ ಮುನ್ನ 71.1 ಕೋಟಿ ಡಾಲರ್ ನಷ್ಟವಾಯಿತು. ವಿಮಾನಗಳ ಮೌಲ್ಯವನ್ನು ಪುಸ್ತಕದಲ್ಲಿ ಇಳಿಸಿ ಬರೆಯಬೇಕಾಗಿ ಬಂದದ್ದು ಅದಕ್ಕೆ ದೊಡ್ಡ ಕಾರಣ. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾದರೆ ಒಂದು ಪಾಲಿನ ಒಡೆಯರ ಗತಿ ಊಹಿಸಿ. ಬೆಲೆ ಬಿದ್ದಿರುವಾಗ ಕೊಳ್ಳುವವರಿಗೆ ಇದೇ ಅನುಕೂಲ, ನಿಜ. ಆದರೆ ಬೆಲೆ ಇನ್ನೂ ಬೀಳಬಹುದು.

ತೆರಿಗೆಯ ಆಮಿಷವೂ ಇರುತ್ತದೆ. ಅಮೆರಿಕದ 2008ರ ಕಾನೂನು ಹೊಸ ವಿಮಾನಕ್ಕೆ ಮೊದಲ ವರ್ಷವೇ 50% ಹೆಚ್ಚುವರಿ ಸವಕಳಿ (ತೆರಿಗೆ ಲೆಕ್ಕದಲ್ಲಿ ಲಾಭದಿಂದ ಕಳೆಯಬಹುದಾದ ಮೊತ್ತ) ಕೊಟ್ಟಿತ್ತು. ಲಾಭವೇ ಇಲ್ಲದ ವರ್ಷದಲ್ಲಿ ಅದರಿಂದ ತಕ್ಷಣಕ್ಕೆ ಸಿಗುವುದು ಅಷ್ಟಕ್ಕಷ್ಟೇ.

ಕೊನೆಗೆ, ನಿರ್ವಾಹಕರ ಆರ್ಥಿಕ ಸ್ಥಿತಿ. ಇಂಥ ಪಾಲುಗಳನ್ನೇ ಮಾರುತ್ತಿದ್ದ ಅಮೆರಿಕದ ಅವಾಂಟೇರ್ ಕಂಪನಿ 2013ರ ಜೂನ್‌ನಲ್ಲಿ ಹಾರಾಟ ನಿಲ್ಲಿಸಿ ಮರುತಿಂಗಳೇ ದಿವಾಳಿ ಪ್ರಕ್ರಿಯೆಗೆ ಸಿಲುಕಿದಾಗ, ಪಾಲುದಾರರು ತಮ್ಮ ವಿಮಾನದಿಂದ ಬಿಚ್ಚಿದ ಬಿಡಿಭಾಗಗಳು ಬೇರೆ ವಿಮಾನಗಳಲ್ಲಿರುವುದನ್ನು ಕಂಡರು. ಆದ್ದರಿಂದ ಎಂಜಿನ್ ಮತ್ತು ದೊಡ್ಡ ಭಾಗಗಳ ಸೀರಿಯಲ್ ನಂಬರ್ ಸಮೇತ ನಿರ್ವಹಣಾ ದಾಖಲೆಯನ್ನು ವರ್ಷಕ್ಕೊಮ್ಮೆ ಪರಿಶೀಲಿಸುವ ಹಕ್ಕನ್ನು ಒಪ್ಪಂದದಲ್ಲೇ ಸೇರಿಸಿ.