ಅಮೆರಿಕ ಚುನಾವಣೆ: ದೇಶದ ಸಮೀಕ್ಷೆ ನೋಡಬೇಕಾ, ರಾಜ್ಯಗಳದ್ದಾ?

ತೀರ್ಥಹಳ್ಳಿ, ಸಾಗರದ ಕಡೆ ಮಕ್ಕಳು ಅಮೆರಿಕದಲ್ಲಿರುವ ಮನೆಗಳಿವೆ. ಅಲ್ಲಿ ಅಧ್ಯಕ್ಷರ ಚುನಾವಣೆ ಬಂದರೆ ಇಲ್ಲೂ ಲೆಕ್ಕಾಚಾರ ಶುರು. ಯಾವ ಸಮೀಕ್ಷೆ ನಂಬಬೇಕು?

ಇಡೀ ದೇಶದ ಸಮೀಕ್ಷೆ ಓದೋಕೆ ಸುಲಭ. ಜನರ ಒಲವನ್ನು ಸುಮಾರಾಗಿ ಸರಿಯಾಗಿಯೇ ಹೇಳುತ್ತದೆ. 2016ರಲ್ಲಿ ಹಿಲರಿ ಕ್ಲಿಂಟನ್ ಸುಮಾರು ಶೇ. 3ರಷ್ಟು ಮುಂದೆ ಎಂದಿತ್ತು. ಮತ ಎಣಿಸಿದಾಗ ಶೇ. 2ರಷ್ಟು ಮುಂದಿದ್ದರು. ಆದರೂ ಗೆದ್ದವರು ಟ್ರಂಪ್. ಅಲ್ಲಿ ಬೇಕಾಗಿರುವುದು 538 ಎಲೆಕ್ಟೋರಲ್ ಮತಗಳಲ್ಲಿ (ರಾಜ್ಯಗಳಿಗೆ ಹಂಚಿದ, ಹೆಚ್ಚಾಗಿ ಆ ರಾಜ್ಯ ಗೆದ್ದವರಿಗೇ ಪೂರ್ತಿ ಹೋಗುವ ಮತಗಳು) 270. ಶಿವಮೊಗ್ಗ ಜಿಲ್ಲೆಯ 7 ಕ್ಷೇತ್ರಗಳ ಮತ ಒಟ್ಟು ಕೂಡಿಸಿದರೆ ಸೊರಬದಲ್ಲಿ ಯಾರು ಗೆದ್ದರು ಅಂತ ತಿಳಿಯಲ್ಲ, ಅಲ್ವಾ?

ರಾಜ್ಯಗಳ ಸಮೀಕ್ಷೆ ಕೇಳುವುದು ಸರಿಯಾದ ಪ್ರಶ್ನೆ. ಉತ್ತರ ಮಾತ್ರ ಜಾಸ್ತಿ ತಪ್ಪುತ್ತದೆ. ವಿಸ್ಕಾನ್ಸಿನ್‌ನಲ್ಲಿ 2016ರಲ್ಲಿ ಕ್ಲಿಂಟನ್ ಆರಾಮಾಗಿ ಮುಂದಿದ್ದರು, ಕೊನೆಗೆ ಸೋತರು. ಕಾಲೇಜು ಓದಿದವರು ಸಮೀಕ್ಷೆಗೆ ಹೆಚ್ಚು ಉತ್ತರ ಕೊಟ್ಟಿದ್ದರು. ಹಲವು ಸಂಸ್ಥೆಗಳು ಅದನ್ನು ಸರಿದೂಗಿಸಿರಲಿಲ್ಲ. ಇನ್ನೊಂದು ಅಪಾಯ: ಮಿಷಿಗನ್, ಪೆನ್ಸಿಲ್ವೇನಿಯಾದಂಥ ಒಂದೇ ಬಗೆಯ ರಾಜ್ಯಗಳಲ್ಲಿ ತಪ್ಪು ಒಂದೇ ಕಡೆಗೆ ವಾಲುತ್ತದೆ.

ಸಮೀಕ್ಷೆಗಳನ್ನು ಕೂಡಿಸಿ ಗೆಲ್ಲುವ ಸಾಧ್ಯತೆ ಹೇಳುವ ಲೆಕ್ಕದ ಮಾದರಿಗಳೂ ಇವೆ. ಅಮೆರಿಕದ ಚುನಾವಣಾ ಲೆಕ್ಕಾಚಾರದ ಜಾಲತಾಣ ಫೈವ್‌ಥರ್ಟಿಏಟ್ 2016ರಲ್ಲಿ ಟ್ರಂಪ್‌ಗೆ ಗೆಲ್ಲುವ ಸಾಧ್ಯತೆ ಸುಮಾರು ಶೇ. 29 ಕೊಟ್ಟಿತ್ತು. ಅದನ್ನು ಸೋಲು ಅಂತ ಓದಿದ್ದು ಜನ.

ನನ್ನ ಆಯ್ಕೆ ರಾಜ್ಯಗಳ ಸಮೀಕ್ಷೆಗಳ ಸರಾಸರಿ. ಒಂದೇ ಸಮೀಕ್ಷೆ ಹಿಡಿದು ಸುಮ್ನೆ ವಾದ ಬೇಡ. ಅಂತರ ಶೇ. 3ಕ್ಕಿಂತ ಕಡಿಮೆಯಿದ್ದರೆ ಆ ರಾಜ್ಯವನ್ನು ಯಾರ ಖಾತೆಗೂ ಬರೆಯಬೇಡಿ.