ಇತಿಹಾಸದ ರೆಡಿಮೇಡ್ ಉತ್ತರಪಟ್ಟಿ ನಂಬಿ ಕ್ವಿಜ್ ನಡೆಸಬೇಡಿ, ನಾನು ಮಾಡಿದ ತಪ್ಪು ನೀವು ಮಾಡಬೇಡಿ

ಕ್ವಿಜ್ ನಡೆಸುವವರು, ಪರೀಕ್ಷೆಗೆ ಓದುವವರು, ಮಕ್ಕಳಿಗೆ ಸಾಮಾನ್ಯ ಜ್ಞಾನ ಹೇಳಿಕೊಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ‘ಪದೇ ಪದೇ ಕೇಳುವ ಇತಿಹಾಸದ ಪ್ರಶ್ನೋತ್ತರಗಳು’ ಅಂತ ಮೊಬೈಲಿನಿಂದ ಮೊಬೈಲಿಗೆ ಓಡಾಡುವ ಪಿಡಿಎಫ್ ಒಂದನ್ನು ನಂಬಿ ನಾನು ಒಬ್ಬ ಹುಡುಗಿಗೆ ಅನ್ಯಾಯ ಮಾಡಿದೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಸಂಕಟವಾಗುತ್ತದೆ.

ಸ್ನೇಹಿತರ ಬಳಗದ ಮಕ್ಕಳಿಗಾಗಿ ಕ್ವಿಜ್ ಇಟ್ಟಿದ್ದೆವು. ಆರು ತಂಡ, ಐವತ್ತು ಪ್ರಶ್ನೆ. ಪ್ರಶ್ನೆ ಆರಿಸುವುದು, ಕೇಳುವುದು, ಅಂಕ ಕೊಡುವುದು ಎಲ್ಲ ನನ್ನ ಹೆಗಲಿಗೇ ಬಿತ್ತು. ಸಮಯ ಕಡಿಮೆ ಇತ್ತು, ಕೈಗೆ ಸಿಕ್ಕ ಪಿಡಿಎಫ್‌ನಿಂದ ಐವತ್ತನ್ನೂ ಎತ್ತಿಕೊಂಡೆ. 37ನೇ ಪ್ರಶ್ನೆ: ‘ಹಡಗಿನಲ್ಲಿ ಭೂಮಿಯನ್ನು ಮೊದಲು ಪೂರ್ತಿ ಸುತ್ತಿದ ನಾವಿಕ ಯಾರು?’ ಹೈಸ್ಕೂಲಿನ ಹುಡುಗಿಯೊಬ್ಬಳು ತಡಮಾಡದೆ ‘ಎಲ್ಕಾನೊ’ ಅಂದಳು. ಹಾಳೆ ನೋಡಿದೆ, ಮೆಗಲನ್ ಅಂತ ಇತ್ತು. ‘ತಪ್ಪು’ ಅಂದೆ. ಅವಳು ಎದ್ದು ನಿಂತು, ‘ಸರ್, ಮೆಗಲನ್ ದಾರಿಯಲ್ಲೇ ಸತ್ತುಹೋದ ಅಲ್ವಾ?’ ಎಂದು ಕೇಳಿದಳು. ಕ್ವಿಜ್ ಮಾಸ್ಟರ್ ಹೇಳಿದ್ದೇ ಅಂತಿಮ ಅಂತ ಬಾಯಿ ಮುಚ್ಚಿಸಿಬಿಟ್ಟೆ. ಪ್ರಶ್ನೆ ಪಕ್ಕದ ತಂಡಕ್ಕೆ ಹೋಯಿತು, ಅವರು ಮೆಗಲನ್ ಅಂದರು, ಚಪ್ಪಾಳೆ ಬಿತ್ತು. ಕೊನೆಗೆ ಅವಳ ತಂಡ ಐದೇ ಅಂಕದಿಂದ ಎರಡನೇ ಸ್ಥಾನಕ್ಕೆ ಇಳಿಯಿತು.

ರಾತ್ರಿ ನಿದ್ದೆ ಹತ್ತಲಿಲ್ಲ. ಎದ್ದು ಸರಿಯಾದ ಇತಿಹಾಸದ ಪುಸ್ತಕ ತೆಗೆದೆ. 1519ರಲ್ಲಿ ಸ್ಪೇನ್‌ನಿಂದ ಐದು ಹಡಗುಗಳೊಂದಿಗೆ ಹೊರಟವನು ಮೆಗಲನ್ ಹೌದು. ಆದರೆ 1521ರ ಏಪ್ರಿಲ್ 27ರಂದು ಫಿಲಿಪ್ಪೀನ್ಸ್‌ನ ಮಾಕ್ಟಾನ್ ದ್ವೀಪದ ಕಾಳಗದಲ್ಲಿ ಅವನು ಸತ್ತ. ಉಳಿದ ದಾರಿಯನ್ನು ಮುಗಿಸಿದ್ದು ಹುವಾನ್ ಸೆಬಾಸ್ಟಿಯನ್ ಎಲ್ಕಾನೊ. 1522ರ ಸೆಪ್ಟೆಂಬರಿನಲ್ಲಿ ‘ವಿಕ್ಟೋರಿಯಾ’ ಎಂಬ ಒಂದೇ ಹಡಗು ವಾಪಸು ಬಂತು, ಅದರಲ್ಲಿ ಅವನೂ ಸೇರಿ 18 ಜನ ಯೂರೋಪಿಯನ್ನರು. ಹುಡುಗಿ ಹೇಳಿದ್ದು ಅಕ್ಷರಶಃ ಸರಿ.

‘ಮೊದಲೇ ಒಮ್ಮೆ ಪರಿಶೀಲಿಸಬಾರದಿತ್ತೇ?’ ಅಂತ ನೀವು ಕೇಳಬಹುದು. ಪರಿಶೀಲಿಸಿದ್ದೆ. ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದೇ. ಕ್ವಿಜ್‌ಗೆ ಹಿಂದಿನ ದಿನ ಅನುಮಾನ ಬಂದ ಕೆಲವು ಪ್ರಶ್ನೆಗಳನ್ನು ಬೇರೆ ನಾಲ್ಕು ಪಟ್ಟಿಗಳಲ್ಲಿ ಹುಡುಕಿದ್ದೆ. ನಾಲ್ಕರಲ್ಲೂ ಅದೇ ಉತ್ತರ. ನಾಲ್ಕು ಕಡೆ ಒಂದೇ ಇದ್ದ ಮೇಲೆ ಸರಿಯೇ ಇರಬೇಕು ಅಂತ ನಿಶ್ಚಿಂತೆಯಿಂದ ಮಲಗಿದೆ. ಆಮೇಲೆ ಪಕ್ಕಪಕ್ಕ ಇಟ್ಟು ನೋಡಿದಾಗ ಗೊತ್ತಾಯಿತು: ಪ್ರಶ್ನೆಗಳ ಕ್ರಮ ಒಂದೇ, ವಾಕ್ಯ ಒಂದೇ. 37ನೇ ಉತ್ತರದಲ್ಲಿ ಮೆಗಲನ್ ಅನ್ನುವುದು ‘ಮೆಗನಲ್’ ಅಂತ ಅಚ್ಚಾಗಿತ್ತು. ಓದುವಾಗ ಕಣ್ಣು ತಾನಾಗಿಯೇ ತಿದ್ದಿಕೊಂಡು ಹೋಗಿತ್ತು. ಉಳಿದ ನಾಲ್ಕರಲ್ಲೂ ಅದೇ ‘ಮೆಗನಲ್’. ನನಗೆ ಸಿಕ್ಕಿದ್ದು ಐದು ಸಾಕ್ಷಿಗಳಲ್ಲ, ಒಂದೇ ಪಟ್ಟಿಯ ಐದು ನಕಲು.

ಐವತ್ತನ್ನೂ ಕೂತು ಒಂದೊಂದಾಗಿ ನೋಡಿದೆ. ಹನ್ನೊಂದು ಪ್ರಶ್ನೆಗಳಲ್ಲಿ ಏನಾದರೊಂದು ತೊಂದರೆ ಇತ್ತು. ಕೆಲವು ಶುದ್ಧ ಕಟ್ಟುಕತೆ. ರೋಮ್ ಹೊತ್ತಿ ಉರಿಯುವಾಗ ನೀರೋ ಏನು ಬಾರಿಸುತ್ತಿದ್ದ ಅನ್ನುವ ಪ್ರಶ್ನೆಗೆ ಉತ್ತರ ‘ಪಿಟೀಲು’. ಬೆಂಕಿ ಬಿದ್ದಿದ್ದು ಕ್ರಿ.ಶ. 64ರಲ್ಲಿ, ಪಿಟೀಲು ರೂಪುಗೊಂಡಿದ್ದು 16ನೇ ಶತಮಾನದಲ್ಲಿ. ಬೆಂಕಿ ಶುರುವಾದಾಗ ನೀರೋ ಊರಲ್ಲೇ ಇರಲಿಲ್ಲ, ಆಂಟಿಯಮ್‌ನಲ್ಲಿದ್ದ ಅಂತ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಚಂದ್ರನಿಂದಲೋ ಬಾಹ್ಯಾಕಾಶದಿಂದಲೋ ಬರಿಗಣ್ಣಿಗೆ ಕಾಣುವ ಮಾನವ ನಿರ್ಮಿತಿ ಚೀನಾದ ಮಹಾಗೋಡೆ ಅನ್ನುವುದೂ ಇಂಥದ್ದೇ. 2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೈ ವಾಪಸು ಬಂದು, ತನಗೆ ಗೋಡೆ ಕಾಣಲಿಲ್ಲ ಅಂತ ತಾನೇ ಹೇಳಿದ. ನೆಪೋಲಿಯನ್ ಕುಳ್ಳ ಅನ್ನುವುದಕ್ಕೆ ಆಧಾರವಾಗಿ ‘5 ಅಡಿ 2 ಅಂಗುಲ’ ಕೊಟ್ಟಿದ್ದರು. ಅದು ಆ ಕಾಲದ ಫ್ರೆಂಚ್ ಅಳತೆ. ಫ್ರೆಂಚ್ ಅಂಗುಲ ಸುಮಾರು 2.7 ಸೆಂಟಿಮೀಟರ್, ಇಂಗ್ಲಿಷ್ ಅಂಗುಲ 2.54. ಲೆಕ್ಕ ಹಾಕಿದರೆ ಅವನು ಸುಮಾರು 168 ಸೆಂಟಿಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಐದೂವರೆ ಅಡಿ. ಆ ಕಾಲಕ್ಕೆ ಅದು ಸಾಧಾರಣ ಎತ್ತರ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು ತಾರೀಖುಗಳು. ತಾರೀಖು ಅಂದರೆ ಜಗಳವೇ ಇಲ್ಲದ ವಿಷಯ ಅಂತ ನಾನು ನಂಬಿದ್ದೆ. ‘ಒಂದೇ ದಿನ ತೀರಿಕೊಂಡ ಇಬ್ಬರು ಮಹಾನ್ ಸಾಹಿತಿಗಳು ಯಾರು?’ ಉತ್ತರ: ಇಂಗ್ಲೆಂಡಿನ ಶೇಕ್ಸ್‌ಪಿಯರ್ ಮತ್ತು ಸ್ಪೇನ್‌ನ ಸರ್ವಾಂಟಿಸ್, 1616ರ ಏಪ್ರಿಲ್ 23. ಸ್ಪೇನ್ 1582ರಲ್ಲೇ ಹೊಸ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬಂದಿತ್ತು, ಇಂಗ್ಲೆಂಡ್ ಬಂದಿದ್ದು 1752ರಲ್ಲಿ. ಎರಡಕ್ಕೂ ಆಗ ಹತ್ತು ದಿನದ ಅಂತರ. ಇಂಗ್ಲೆಂಡಿನಲ್ಲಿ ಏಪ್ರಿಲ್ 23 ಇದ್ದ ದಿನ ಸ್ಪೇನ್‌ನಲ್ಲಿ ಮೇ 3. ದಾಖಲೆಯ ತಾರೀಖು ಒಂದೇ, ದಿನ ಬೇರೆ ಬೇರೆ. ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಅನ್ನುವ ಜನಪ್ರಿಯ ಮಾತಿಗೂ ಇದೇ ಗತಿ. ಗೆಲಿಲಿಯೋ ಹೊಸ ಕ್ಯಾಲೆಂಡರಿನ 1642ರ ಜನವರಿ 8ರಂದು ಸತ್ತ. ನ್ಯೂಟನ್ ಹಳೆಯ ಕ್ಯಾಲೆಂಡರಿನ 1642ರ ಡಿಸೆಂಬರ್ 25ರಂದು ಹುಟ್ಟಿದ, ಹೊಸದರಲ್ಲಿ ಅದು 1643ರ ಜನವರಿ 4. ರಷ್ಯಾದ ಅಕ್ಟೋಬರ್ ಕ್ರಾಂತಿಗೆ ಪಟ್ಟಿಯಲ್ಲಿ ‘1917 ಅಕ್ಟೋಬರ್ 25’ ಅಂತಿತ್ತು, ಒಂದು ತಂಡ ನವೆಂಬರ್ 7 ಅಂದಿತ್ತು. ಎರಡೂ ಒಂದೇ ದಿನ! ಅದಕ್ಕೂ ನಾನು ಸೊನ್ನೆ ಕೊಟ್ಟಿದ್ದೆ.

ಇನ್ನೊಂದು ಲೆಕ್ಕದ ಪ್ರಶ್ನೆ. ರೋಮನ್ ಚಕ್ರವರ್ತಿ ಅಗಸ್ಟಸ್ ಕ್ರಿ.ಪೂ. 63ರಲ್ಲಿ ಹುಟ್ಟಿ ಕ್ರಿ.ಶ. 14ರಲ್ಲಿ ತೀರಿಕೊಂಡ, ಎಷ್ಟು ವರ್ಷ ಬದುಕಿದ್ದ? ಪಟ್ಟಿಯಲ್ಲಿ 63ಕ್ಕೆ 14 ಕೂಡಿಸಿ 77 ಅಂತ ಬರೆದುಬಿಟ್ಟಿದ್ದರು. ಕ್ರಿ.ಪೂ. 1 ಆದ ಮೇಲೆ ನೇರವಾಗಿ ಕ್ರಿ.ಶ. 1 ಬರುತ್ತದೆ, ನಡುವೆ ಸೊನ್ನೆಯ ವರ್ಷವಿಲ್ಲ. ಹಾಗಾಗಿ ಒಂದು ಕಳೆಯಬೇಕು. ಅವನು ಹುಟ್ಟಿದ್ದು ಸೆಪ್ಟೆಂಬರಿನಲ್ಲಿ, ಸತ್ತಿದ್ದು ಆಗಸ್ಟಿನಲ್ಲಿ, ಅಲ್ಲಿ ಇನ್ನೊಂದು ಕಡಿಮೆಯಾಯಿತು. ತುಂಬಿದ್ದು 75.

ಕೆಲವು ಕಡೆ ಉತ್ತರಕ್ಕಿಂತ ಪ್ರಶ್ನೆಯೇ ಹದಗೆಟ್ಟಿರುತ್ತದೆ. ‘ಜಗತ್ತಿನ ಮೊದಲ ಮಹಿಳಾ ರಾಷ್ಟ್ರಾಧ್ಯಕ್ಷೆ?’ ಅಂತ ಕೇಳಿ ಐಸ್‌ಲ್ಯಾಂಡಿನ ವಿಗ್ಡಿಸ್ ಹೆಸರು ಕೊಟ್ಟಿದ್ದರು. ಆಕೆ 1980ರಲ್ಲಿ ಜನರ ನೇರ ಮತದಿಂದ ಗೆದ್ದು ಬಂದ ಮೊದಲನೆಯವರು. ಅರ್ಜೆಂಟೀನಾದಲ್ಲಿ ಇಸಬೆಲ್ ಪೆರೋನ್ 1974ರಲ್ಲೇ, ಗಂಡ ತೀರಿಕೊಂಡಾಗ, ಉಪಾಧ್ಯಕ್ಷೆಯ ಸ್ಥಾನದಿಂದ ಅಧ್ಯಕ್ಷೆಯಾಗಿದ್ದರು. ‘ಚುನಾಯಿತ’ ಎಂಬ ಒಂದು ಪದವನ್ನು ಯಾರೋ ನಕಲು ಮಾಡುವಾಗ ಬಿಟ್ಟಿದ್ದಾರೆ, ಉತ್ತರ ಮಾತ್ರ ಹಾಗೇ ಉಳಿದಿದೆ. ಮೊದಲ ಮಹಾಯುದ್ಧ ಯಾವಾಗ ಮುಗಿಯಿತು ಅಂತ ಕೇಳಿದರೂ ಅಷ್ಟೇ: ಗುಂಡಿನ ಸದ್ದು ನಿಂತಿದ್ದು 1918ರ ನವೆಂಬರ್ 11, ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದಿದ್ದು 1919ರ ಜೂನ್ 28. ಇನ್ನು ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು 192 ಅಂತ ಇತ್ತು. ದಕ್ಷಿಣ ಸೂಡಾನ್ ಸೇರಿ 193 ಆಗಿದ್ದು 2011ರಲ್ಲಿ. ಪಟ್ಟಿಯ ವಯಸ್ಸು ಅಲ್ಲೇ ತಿಳಿದುಹೋಯಿತು.

ಈಗ ನಾನು ಪ್ರಶ್ನೆ ಮಾಡುವ ರೀತಿಯೇ ಬೇರೆ. ಒಂದೊಂದು ಉತ್ತರಕ್ಕೂ ಪಟ್ಟಿಯ ಹೊರಗಿನ ಆಧಾರ ಬೇಕು, ವಿಶ್ವಕೋಶವೋ ಆ ವಿಷಯದ ಪುಸ್ತಕವೋ, ಏನಾದರೂ ಸರಿ. ಆಧಾರ ಸಿಗದಿದ್ದರೆ ಪ್ರಶ್ನೆ ಎಷ್ಟೇ ಚೆನ್ನಾಗಿದ್ದರೂ ಕೈಬಿಡುತ್ತೇನೆ. ‘ಮೊದಲ’, ‘ಅತಿ ದೊಡ್ಡ’, ‘ಕಂಡುಹಿಡಿದ’ ಅನ್ನುವ ಪದ ಕಂಡಲ್ಲಿ ಎರಡು ಸಲ ನೋಡುತ್ತೇನೆ. ಸ್ಪರ್ಧಿ ಆಕ್ಷೇಪಣೆ ಎತ್ತಿದರೆ ಅಂಕ ತಡೆಹಿಡಿದು, ಅಲ್ಲೇ ಪುಸ್ತಕ ತೆಗೆಸಿ ನೋಡಿ ಆಮೇಲೆ ತೀರ್ಪು ಕೊಡುತ್ತೇನೆ. ಹತ್ತು ನಿಮಿಷ ತಡವಾಗುತ್ತದೆ, ಆಗಲಿ.

ಮರುದಿನ ಆ ಹುಡುಗಿಯ ಮನೆಗೆ ಫೋನ್ ಮಾಡಿ, ಅವಳ ಹತ್ತಿರವೇ ಮಾತಾಡಿ ಕ್ಷಮೆ ಕೇಳಿದೆ. ‘ಪರವಾಗಿಲ್ಲ ಸರ್, ಆದ್ರೆ ಎಲ್ಲರಿಗೂ ಹೇಳಿ’ ಅಂದಳು. ಗುಂಪಿನಲ್ಲಿ ತಿದ್ದುಪಡಿ ಹಾಕಿ ಫಲಿತಾಂಶ ಬದಲಿಸಿದೆ. ಗೆದ್ದಿದ್ದ ತಂಡದ ಮಕ್ಕಳು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು.

ಆ ಪಿಡಿಎಫ್ ಹೋದ ವಾರ ಮತ್ತೆ ನನ್ನ ಮೊಬೈಲಿಗೆ ಬಂತು, ಹೊಸ ಹೆಸರು, ಹೊಸ ಬಣ್ಣದ ಮುಖಪುಟ. ನಿಮಗೂ ಬಂದರೆ ಮೊದಲು 37ನೇ ಪ್ರಶ್ನೆಗೆ ಹೋಗಿ ನೋಡಿ. ಅಲ್ಲಿ ‘ಮೆಗನಲ್’ ಅಂತ ಇದ್ದರೆ ಅದೇ ಪಟ್ಟಿ, ಯಾರಿಗೂ ಕಳಿಸಬೇಡಿ.