ರೆಡಿಮೇಡ್ ಕಾಮೆಟ್ ಕಿಟ್: ಸ್ಲೈಡಿಗೆ ದುಡ್ಡು ಕೊಡಿ, ಉಳಿದದ್ದು ಲ್ಯಾಬಲ್ಲೇ ಆಗುತ್ತದೆ

ಡಿಎನ್‌ಎ ರಿಪೇರಿ ಮತ್ತು ಕ್ಯಾನ್ಸರ್ ಕುರಿತ ಯುವ ಸಂಶೋಧಕರ ಸಮ್ಮೇಳನಗಳಲ್ಲಿ ಪೋಸ್ಟರ್ ಸಾಲಿನ ಮುಂದೆ ಹಾದುಹೋದರೆ ಕಾಮೆಟ್ ಚಿತ್ರ ಕಣ್ಣಿಗೆ ಬೀಳದೆ ಇರದು. ಕಪ್ಪು ಹಿನ್ನೆಲೆ, ಹೊಳೆಯುವ ತಲೆ, ಹಿಂದೆ ಬಾಲ. ಕೋಶವನ್ನು ಜೆಲ್ಲಿನಲ್ಲಿ ಹುದುಗಿಸಿ ವಿದ್ಯುತ್ ಹಾಯಿಸಿದಾಗ ಹೊರಗೆ ಹರಿದ ಒಡೆದ ಡಿಎನ್‌ಎಯೇ ಆ ಬಾಲ. 1988ರಲ್ಲಿ ಸಿಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಕ್ಷಾರೀಯ ವಿಧಾನವನ್ನೇ ಇಂದು ಡಬ್ಬಿಯಲ್ಲಿಟ್ಟು ಮಾರುತ್ತಾರೆ. ಪೋಸ್ಟರ್‌ಗೆಂದು ಕಿಟ್ ತರಿಸುವ ಮುನ್ನ ಡಬ್ಬಿಯಲ್ಲಿ ಯಾವುದಕ್ಕೆ ಬೆಲೆ ಇದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಲೈಸಿಸ್ (ಕೋಶ ಒಡೆಯುವ) ದ್ರಾವಣಕ್ಕೆ ಕೊಡುವ ದುಡ್ಡು ದಂಡ. 2.5 ಮೋಲಾರ್ ಉಪ್ಪು, 100 ಮಿಲಿಮೋಲಾರ್ ಇಡಿಟಿಎ, 10 ಮಿಲಿಮೋಲಾರ್ ಟ್ರಿಸ್, ಪಿಎಚ್ 10, ಬಳಸುವ ಹೊತ್ತಿಗೆ ಶೇ 1ರಷ್ಟು ಟ್ರೈಟಾನ್ ಎಂಬ ಮಾರ್ಜಕ. ಅಷ್ಟೇ. ರಕ್ತದ ಮಾದರಿಗೆ ಶೇ 10 ಡಿಎಂಎಸ್‌ಒ ಸೇರಿಸಿ, ಇಲ್ಲದಿದ್ದರೆ ಹಿಮೋಗ್ಲೋಬಿನ್‌ನಿಂದ ಬಿಡುಗಡೆಯಾದ ಕಬ್ಬಿಣ ತಾನೇ ಡಿಎನ್‌ಎ ಒಡೆಯುತ್ತದೆ.

ಸ್ಲೈಡು ಮಾತ್ರ ಕೊಟ್ಟ ಕಾಸಿಗೆ ಮೋಸವಿಲ್ಲ. ಮಾಮೂಲಿ ಗಾಜನ್ನು ಶೇ 1ರ ಅಗರೋಸ್‌ನಲ್ಲಿ (ಆರಿದರೆ ಜೆಲ್ ಆಗುವ ವಸ್ತು) ಅದ್ದಿ, ಹಿಂಬದಿ ಒರೆಸಿ, ರಾತ್ರಿಯಿಡೀ ಒಣಗಿಸಿದರೂ ಕೆಲಸ ನಡೆಯುತ್ತದೆ. ಆದರೆ ಗಾಜಿನ ಮೇಲೆ ಬೆರಳಿನ ಜಿಡ್ಡು ಉಳಿದಿದ್ದರೂ ಸಾಕು, ಜೆಲ್ ಕಳಚಿಕೊಂಡು ವಿದ್ಯುತ್ ಹಾಯಿಸುವ ಟ್ಯಾಂಕಿನಲ್ಲಿ ತೇಲುತ್ತದೆ. ಕಿಟ್ ಸ್ಲೈಡಿನಲ್ಲೂ ಮಂಗಳೂರು, ಮಣಿಪಾಲದಂಥ ತೇವದ ಹವೆಗೆ ಜೆಲ್ ಕೂರಲು 4 ಡಿಗ್ರಿಯಲ್ಲಿ 10 ನಿಮಿಷ ಇಟ್ಟರೆ ಸಾಲದು, 30 ನಿಮಿಷ ಬಿಡಿ.

ಕೋಶ ಬೆರೆಸಲು ಕಿಟ್ಟಿನಲ್ಲಿ ಬರುವ ಅಗರೋಸ್ ಬಾಟಲಿಯನ್ನು ಮುಚ್ಚಳ ಸಡಿಲಿಸಿ ಕುದಿನೀರಿನಲ್ಲಿ ಕರಗಿಸಿ, 37 ಡಿಗ್ರಿಗೆ ಇಳಿಸಿ ಬಳಸಬೇಕು. ಪ್ರತಿಸಲವೂ ಅದೇ ಬಾಟಲಿ ಕುದಿಸಿದರೆ ನೀರು ಆವಿಯಾಗಿ ಜೆಲ್ ಗಟ್ಟಿಯಾಗುತ್ತದೆ, ಬಾಲ ಕುಗ್ಗುತ್ತದೆ, ನೀವು ಅದನ್ನು ರಿಪೇರಿ ಎಂದುಕೊಳ್ಳುತ್ತೀರಿ. ಮೊದಲ ಸಲವೇ 1 ಮಿಲಿಲೀಟರ್‌ನಂತೆ ಟ್ಯೂಬುಗಳಿಗೆ ಹಂಚಿಡಿ. ಮಿಲಿಲೀಟರಿಗೆ 1 ಲಕ್ಷ ಕೋಶಗಳಿರುವ ದ್ರಾವಣ 50 ಮೈಕ್ರೋಲೀಟರ್, ಅಗರೋಸ್ 500. ಇದರಲ್ಲಿ 50 ಮೈಕ್ರೋಲೀಟರ್ ಹರಡಿದರೆ ಸ್ಲೈಡಿನ ಒಂದು ವೃತ್ತಕ್ಕೆ ಸುಮಾರು 450 ಕೋಶ. ಇದಕ್ಕಿಂತ ದಟ್ಟವಾದರೆ ಬಾಲದ ಮೇಲೆ ಬಾಲ ಬಿದ್ದು ಎಣಿಕೆ ಕೆಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಲಸ ಕೆಡಿಸುವುದು ಕಾಯುವಿಕೆ. ಬೆಚ್ಚಗಿರುವ ಜೀವಂತ ಕೋಶ ಸುಮ್ಮನೆ ಕೂರುವುದಿಲ್ಲ, ಒಂಟಿ ಎಳೆಯ ಬಿರುಕುಗಳನ್ನು ನಿಮಿಷಗಳಲ್ಲೇ ಹೊಲಿಯತೊಡಗುತ್ತದೆ. ಹನ್ನೆರಡು ಮಾದರಿಯನ್ನು ಒಟ್ಟಿಗೆ ಅಗರೋಸಿಗೆ ಬೆರೆಸಿ 37 ಡಿಗ್ರಿಯಲ್ಲಿ ಸಾಲಾಗಿ ನಿಲ್ಲಿಸಿದರೆ ಕೊನೆಯದರ ಬಾಲ ಚಿಕ್ಕದಾಗಿಯೇ ಬರುತ್ತದೆ. ಕೋಶಗಳು ಮಂಜುಗಡ್ಡೆಯ ಮೇಲಿರಲಿ, ಒಂದೊಂದಾಗಿ ಬೆರೆಸಿ ಹರಡಿ. ಕಂಟ್ರೋಲ್‌ಗೆ, ಅಂದರೆ ಹೋಲಿಕೆಗೆಂದು ಬೇಕಂತಲೇ ಡಿಎನ್‌ಎ ಒಡೆಸಿದ ಕೋಶಗಳಿಗೆ, ಬೇರೆ ಪೊಟ್ಟಣ ಕೊಳ್ಳಬೇಕಿಲ್ಲ. 100 ಮೈಕ್ರೋಮೋಲಾರ್ ಹೈಡ್ರೋಜನ್ ಪೆರಾಕ್ಸೈಡ್, 4 ಡಿಗ್ರಿ, 20 ನಿಮಿಷ ಸಾಕು.

ಕ್ಷಾರದಲ್ಲಿ ಡಿಎನ್‌ಎಯ ಎರಡು ಎಳೆ ಬಿಡಿಸಲು ಕೈಪಿಡಿ ಹೇಳುವ ‘ಕೋಣೆಯ ಉಷ್ಣತೆಯಲ್ಲಿ 20 ನಿಮಿಷ’ ಮೇ ತಿಂಗಳ ಕಲಬುರಗಿಯ ಕೋಣೆಯನ್ನು ನೋಡಿ ಬರೆದದ್ದಲ್ಲ. ಫ್ರಿಜ್ಜಿನಲ್ಲಿ ಒಂದು ಗಂಟೆ ಇಡುವುದೇ ಕ್ಷೇಮ. ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಅವತ್ತಿನದು ಅವತ್ತೇ, ಪಿಎಚ್ 13 ದಾಟಿರಬೇಕು. ಆಮೇಲೆ ಟ್ಯಾಂಕಿನಲ್ಲಿ ವಿದ್ಯುತ್ ಹಾಯಿಸುವಾಗ ವೋಲ್ಟೇಜನ್ನು ಎಲೆಕ್ಟ್ರೋಡ್‌ಗಳ ನಡುವಿನ ಸೆಂಟಿಮೀಟರಿಗೆ 1ರಂತೆ ಲೆಕ್ಕ ಹಾಕಿ. 21 ಸೆಂಟಿಮೀಟರ್ ಇದ್ದರೆ 21 ವೋಲ್ಟ್, 30 ನಿಮಿಷ. ಕರೆಂಟ್ 300 ಮಿಲಿಆಂಪಿಯರ್‌ಗೆ ಬರುವಂತೆ ಬಫರ್ ಮಟ್ಟ ಏರಿಸಿ ಇಳಿಸಿ. ಬಾಲ ಅಳೆಯಲು ಇಮೇಜ್‌ಜೆ ಎಂಬ ಚಿತ್ರ ವಿಶ್ಲೇಷಣೆ ತಂತ್ರಾಂಶದ ಓಪನ್‌ಕಾಮೆಟ್ ಪುಕ್ಕಟೆ ಸಿಗುತ್ತದೆ, ಕಂಪನಿಯ ಸಾಫ್ಟ್‌ವೇರ್ ಬೇಕಿಲ್ಲ.

ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧದ ಮೇಲೆ ಕೆಲಸ ಮಾಡುವವರು ಕಿಟ್ಟನ್ನು ಹೇಳಿದಂತೆ ಬಳಸಿದರೆ ಮುಗ್ಗರಿಸುತ್ತಾರೆ. ಆ ಔಷಧ ಎರಡು ಎಳೆಗಳನ್ನು ಬೆಸೆಯುವುದರಿಂದ ಬಾಲ ಬೆಳೆಯುವ ಬದಲು ಗಿಡ್ಡವಾಗುತ್ತದೆ. ಔಷಧ ಕೊಟ್ಟ ಕೋಶಗಳಿಗೂ ಕೊಡದ ಕೋಶಗಳಿಗೂ ಒಂದೇ ಪ್ರಮಾಣದ ವಿಕಿರಣ ಅಥವಾ ಪೆರಾಕ್ಸೈಡ್ ಕೊಟ್ಟು, ಬಾಲ ಎಷ್ಟು ತಗ್ಗಿತು ಎಂದು ನೋಡಬೇಕು. ಇನ್ನು ಪೋಸ್ಟರಿನಲ್ಲಿ ‘ಎನ್ = 300’ (ಎನ್ ಎಂದರೆ ಸ್ವತಂತ್ರ ಪ್ರಯೋಗಗಳ ಸಂಖ್ಯೆ) ಎಂದು ಬರೆಯುವ ಚಾಳಿ. ಮೂರು ಪ್ರತ್ಯೇಕ ದಿನ ಪ್ರಯೋಗ ಮಾಡಿ ದಿನಕ್ಕೆ 100 ಕೋಶ ಎಣಿಸಿದ್ದರೆ ಎನ್ ಮೂರೇ.